ಗಿಂಬಲ್‌ಗೆ ಯಾವ ಲೆನ್ಸ್, ಯಾವ ಸೆಟ್ಟಿಂಗ್? ಅಡಿಕೆ ತೋಟ, ಚಪ್ಪರ, ರಾತ್ರಿ ಆಟ

ಪೆರ್ಲಪೇಟೆ:

ಎಲ್ಲರಿಗೂ ನಮಸ್ಕಾರ. ಸೋನಿ ಝಡ್‌ವಿ-ಇ10 ಕ್ಯಾಮೆರಾ, ಡಿಜೆಐ ಆರ್‌ಎಸ್ 3 ಮಿನಿ ಗಿಂಬಲ್ (ಕ್ಯಾಮೆರಾ ಅಲುಗದ ಹಾಗೆ ಮೋಟರಿನಿಂದ ಹಿಡಿದಿಡುವ ಹಿಡಿ). ಲೆನ್ಸ್ ಎರಡುಂಟು: ಕ್ಯಾಮೆರಾದೊಟ್ಟಿಗೆ ಬಂದ 16-50 ಪವರ್ ಝೂಮ್, ಮತ್ತೆ ಸಿಗ್ಮಾ 16 ಮಿ.ಮೀ. ಎಫ್/1.4 (ಎಫ್ ಸಂಖ್ಯೆ ಸಣ್ಣದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು). ಬದಿಯಡ್ಕ ಹತ್ತಿರ ಒಂದು ಮನೆಯ ಉಪನಯನ ತೆಗೆಯಲಿಕ್ಕುಂಟು. ಬೆಳಿಗ್ಗೆ ಅಂಗಳದ ಚಪ್ಪರದಲ್ಲಿ ಕಾರ್ಯಕ್ರಮ, ನಡುವೆ ತೋಟದಲ್ಲಿ ವಟುವಿನ ಮತ್ತು ಮನೆಯವರ ನಾಲ್ಕು ಶಾಟ್, ರಾತ್ರಿ ಎದುರಿನ ಗದ್ದೆಯಲ್ಲಿ ಯಕ್ಷಗಾನದ ಆಟ.

ಟೆಸ್ಟ್ ಶೂಟಿನಲ್ಲಿ ಮೂರು ತೊಂದರೆ ಕಾಣ್ತಾ ಉಂಟು. ತೋಟದಲ್ಲಿ ನಡೆದರೆ ಫ್ರೇಮ್ ಕುಣಿಯುತ್ತದೆ, ಆಕ್ಟಿವ್ ಸ್ಟೆಡಿಶಾಟ್ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಎಲ್‌ಇಡಿ ಲೈಟಿನ ಕೆಳಗೆ ಅಡ್ಡ ಪಟ್ಟೆ ಬರುತ್ತದೆ (30ಪಿ, ಅಂದರೆ ಸೆಕೆಂಡಿಗೆ 30 ಫ್ರೇಮ್, ಶಟರ್ 1/60 ಸೆಕೆಂಡ್). ಸಿಗ್ಮಾ ಹಾಕಿದಾಗ ಗಿಂಬಲ್ ಸಣ್ಣಗೆ ಗುಂಯ್ ಅಂತ ನಡುಗುತ್ತದೆ, ಕಿಟ್ ಲೆನ್ಸಿನಲ್ಲಿ ಹಾಗಾಗುವುದಿಲ್ಲ.

ಒಂದು ಲೆನ್ಸ್ ತೆಗೊಳ್ಳುವಷ್ಟು ಬಜೆಟ್ ಉಂಟು. ಸೋನಿ 10-20 ಎಫ್/4, ಸೋನಿ 11 ಎಫ್/1.8, ಸೋನಿ 18-105 ಎಫ್/4, ಇದರಲ್ಲಿ ಯಾವುದು ಒಳ್ಳೆಯದು?


ಮುರಕಲ್ಲು:

ಮೊದಲು ಆ ಆಕ್ಟಿವ್ ಸ್ಟೆಡಿಶಾಟ್ ಆಫ್ ಮಾಡಿ ಮಾರಾಯ್ರೆ. ಅದು ಫ್ರೇಮನ್ನು ಕತ್ತರಿಸಿ ಸರಿಸುವ ಎಲೆಕ್ಟ್ರಾನಿಕ್ ಕೆಲಸ. ಅಗಲದ ಲೆನ್ಸಿಗೆ ಕೊಟ್ಟ ದುಡ್ಡು ಆ ಕ್ರಾಪಿನಲ್ಲೇ ಹೋಗುತ್ತದೆ. ಮೇಲಿಂದ, 1/50 ಶಟರಿನಲ್ಲಿ ಒಂದು ಫ್ರೇಮಿನೊಳಗೇ ಮಸುಕಾದದ್ದನ್ನು ಅದು ಸರಿಮಾಡಲಾರದು. ಚಿತ್ರ ನಿಂತ ಹಾಗೆ ಕಾಣುತ್ತದೆ, ಆದರೆ ಹೆಜ್ಜೆಹೆಜ್ಜೆಗೂ ಒಂದು ಕ್ಷಣ ಮಸುಕಾಗಿ ಮತ್ತೆ ಚೊಕ್ಕ ಆಗುತ್ತದೆ. ಕುಣಿತಕ್ಕಿಂತ ಅದೇ ಹೆಚ್ಚು ಕಿರಿಕಿರಿ.

ಇನ್ನು ಕುಣಿತದ ಮೂಲ. ಗಿಂಬಲ್ ತಡೆಯುವುದು ಮೂರು ತಿರುಗಾಟಗಳನ್ನು ಮಾತ್ರ: ಕ್ಯಾಮೆರಾ ಮೇಲೆ ಕೆಳಗೆ ಬಾಗುವುದು (ಟಿಲ್ಟ್), ಪಕ್ಕಕ್ಕೆ ವಾಲುವುದು (ರೋಲ್), ಎಡಬಲ ತಿರುಗುವುದು (ಪ್ಯಾನ್). ಇಡೀ ಕ್ಯಾಮೆರಾವೇ ನಿಮ್ಮ ಹೆಜ್ಜೆಗೆ 3 ಸೆಂ.ಮೀ. ಏರಿ ಇಳಿದರೆ ಅದು ಮೋಟರಿನ ಲೆಕ್ಕಕ್ಕೇ ಬರುವುದಿಲ್ಲ. ಎಡಿಟಿಂಗ್‌ನಲ್ಲಿ ಗೈರೊ ಡೇಟಾ ಹಾಕಿ ಸರಿಮಾಡುವ ಸಾಫ್ಟ್‌ವೇರ್‌ಗಳಿಗೂ ಇದೇ ಮಿತಿ, ಗೈರೊ ಅಳೆಯುವುದು ತಿರುಗಾಟವನ್ನೇ.

ಅಗಲದ ಲೆನ್ಸ್ ಹಾಕಿದರೆ ಕುಣಿತ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಸರಿ. 5 ಮೀಟರ್ ದೂರದಲ್ಲಿ ನಿಂತ ವಟುವನ್ನು 16 ಮಿ.ಮೀ.ಯಲ್ಲಿ ತೆಗೆದರೆ 3 ಸೆಂ.ಮೀ. ಕುಣಿತಕ್ಕೆ ಅವನು 4ಕೆ ಫ್ರೇಮಿನಲ್ಲಿ ಸುಮಾರು 16 ಪಿಕ್ಸೆಲ್ ಅಲುಗುತ್ತಾನೆ, 10 ಮಿ.ಮೀ.ಯಲ್ಲಿ ಸುಮಾರು 10. ಇಷ್ಟು ಲಾಭ ಉಂಟು. ಆದರೆ ತೋಟದಲ್ಲಿ ಕಣ್ಣಿಗೆ ಹೊಡೆಯುವುದು ವಟುವಲ್ಲ, ಫ್ರೇಮಿನ ಅಂಚಿನಲ್ಲಿ ಹಾದುಹೋಗುವ ಮರ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುವ ಲೆಕ್ಕದಲ್ಲಿ ನೆಟ್ಟ ತೋಟವಾದರೆ ಮರದಿಂದ ಮರಕ್ಕೆ 2.7 ಮೀಟರ್. ಎರಡು ಸಾಲಿನ ನಟ್ಟನಡುವೆ ನಡೆದರೆ ಎರಡೂ ಬದಿಗೆ ಮರ 1.35 ಮೀಟರ್ ದೂರ. ಆ ಮರ ಫ್ರೇಮಿನ ಅಂಚಿಗೆ ಬಂದಾಗ ಎಷ್ಟು ಅಲುಗುತ್ತದೆ ಅಂದರೆ: ಅರ್ಧ ಫ್ರೇಮಿನ ಅಗಲ 1920 ಪಿಕ್ಸೆಲ್, ಗುಣಿಸು 3, ಭಾಗಿಸು 135. ಸುಮಾರು 43 ಪಿಕ್ಸೆಲ್. ಈ ಲೆಕ್ಕದಲ್ಲಿ ಫೋಕಲ್ ಲೆಂತ್ (ಲೆನ್ಸಿನ ಮಿ.ಮೀ. ಸಂಖ್ಯೆ) ಎಲ್ಲಿಯೂ ಇಲ್ಲ ನೋಡಿ. ಲೆನ್ಸ್ ಅಗಲ ಆದಷ್ಟೂ ಇನ್ನೂ ಹತ್ತಿರದ ಮರ ಫ್ರೇಮಿನೊಳಗೆ ಬರುತ್ತದೆ. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಹೋಯಿತು.

ಅಡಿಕೆ ಮರ ಉದ್ದಕ್ಕೆ ನೇರ ಇರುವುದರಿಂದ ಮೇಲೆ ಕೆಳಗಿನ ಕುಣಿತವನ್ನು ಅದು ಅಡಗಿಸುತ್ತದೆ. ಕಾಣುವುದು ಎಡಬಲದ ಓಲಾಟ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬೀಳುವಾಗ ಆಗುವಂಥದ್ದು. ಹಾಗಾಗಿ ತೋಟದಲ್ಲಿ ಕಾಲು ಅಗಲಿಸಿ ನಡೆಯಬೇಡಿ. ಒಂದು ಪಾದದ ಎದುರೇ ಇನ್ನೊಂದು ಪಾದ, ಮೊಣಕಾಲು ಸ್ವಲ್ಪ ಬಗ್ಗಿರಲಿ, ಹಿಮ್ಮಡಿ ಮೊದಲು ಊರಿ ಬೆರಳಿನವರೆಗೆ ಉರುಳಿಸಿ. ಮೊಣಕೈ ಹೊಟ್ಟೆಗೆ ಒತ್ತಬಾರದು, ಒತ್ತಿದರೆ ಹೊಟ್ಟೆಯ ಅಲುಗಾಟವೂ ಕೈಗೆ ಬರುತ್ತದೆ. ಮೊದಲೇ ಒಮ್ಮೆ ಆ ದಾರಿ ನಡೆದು ಬಿದ್ದ ಸೋಗೆ, ಹಾಳೆ, ಸ್ಪ್ರಿಂಕ್ಲರ್ ಪೈಪು ಬದಿಗೆ ಹಾಕಿ. ಸ್ಕ್ರೀನ್ ನೋಡಿಕೊಂಡು ಕಣಿ (ತೋಟದ ನೀರು ಹರಿಯುವ ಕಾಲುವೆ) ದಾಟುವ ಸಾಹಸ ಬೇಡ.

ಕಣಿ ಇರುವ ಕಡೆ ನಡೆಯುವುದೇ ಬೇಡ ಅಂತ ನನ್ನ ಅಭಿಪ್ರಾಯ. ಕಾಲು ಹಿಂದೆ ಮುಂದೆ ಇಟ್ಟು ನಿಂತು, ಭಾರವನ್ನು ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ನಿಧಾನಕ್ಕೆ ದಾಟಿಸಿ. ಅರ್ಧ ಮೀಟರ್ ಚಲನೆ ಸಿಗುತ್ತದೆ, ಹೆಜ್ಜೆಯೇ ಇಲ್ಲ. 50ಪಿಯಲ್ಲಿ ತೆಗೆದು ಅರ್ಧ ವೇಗಕ್ಕೆ ಇಳಿಸಿದರೆ 3 ಸೆಕೆಂಡಿನದ್ದು 6 ಸೆಕೆಂಡ್ ಆಯಿತು. ನಿಮ್ಮ ಕ್ಯಾಮೆರಾದಲ್ಲಿ 50ಪಿ ಇರುವುದು ಫುಲ್ ಎಚ್‌ಡಿಯಲ್ಲಿ ಮಾತ್ರ, 4ಕೆಯಲ್ಲಿ ಇಲ್ಲ. ಆ ಶಾಟ್ ಯಾವುದು ಅಂತ ಮೊದಲೇ ನಿರ್ಧರಿಸಿಕೊಳ್ಳಿ.

ಲೆನ್ಸ್ ಕೇಳಿದ್ದೀರಿ: 10-20 ಎಫ್/4. ತೂಕ 178 ಗ್ರಾಂ, ಝೂಮ್ ಮಾಡಿದರೆ ಉದ್ದ ಬದಲಾಗುವುದಿಲ್ಲ, ಬ್ಯಾಲೆನ್ಸ್ ಒಮ್ಮೆ ಮಾಡಿದರೆ ಇಡೀ ದಿನಕ್ಕೆ ಸಾಕು. 10ರಲ್ಲಿ ಮನುಷ್ಯರನ್ನು ಅಂಚಿಗೆ ಹಾಕಬೇಡಿ, ಮುಖ ಹಿಗ್ಗುತ್ತದೆ, ಕುಟುಂಬದ ಗುಂಪಿನಲ್ಲಿ ಕೊನೆಗೆ ನಿಂತ ಚಿಕ್ಕಮ್ಮ ಆಮೇಲೆ ಮಾತು ಬಿಟ್ಟಾರು. ಜನರಿಗೆ 14ರಿಂದ 18, ತೋಟಕ್ಕೂ ಮನೆಯ ಚಾವಡಿಗೂ 10ರಿಂದ 12.


ಚಂದ್ರಗಿರಿ ತೀರ:

ನಡುಕದ ವಿಷಯ. ತೂಕ ಹೆಚ್ಚಾಗಿ ಅಲ್ಲ. ಝಡ್‌ವಿ-ಇ10 ಬ್ಯಾಟರಿ ಸಮೇತ 343 ಗ್ರಾಂ, ಸಿಗ್ಮಾ 405, ಒಟ್ಟು 748. ಆರ್‌ಎಸ್ 3 ಮಿನಿ ಹೊರುವುದು 2 ಕಿಲೊ. ನಿಮ್ಮಲ್ಲಿ ಆಗಿರುವುದು ಇದು: 116 ಗ್ರಾಮಿನ ಕಿಟ್ ಲೆನ್ಸಿಗೆ ಬ್ಯಾಲೆನ್ಸ್ ಮಾಡಿದ ಪ್ಲೇಟಿನಲ್ಲೇ ಸಿಗ್ಮಾ ಹಾಕಿದ್ದೀರಿ. ಬಾಡಿಗಿಂತ ಲೆನ್ಸ್ ಭಾರ, ಮೂತಿ ಮುಂದಕ್ಕೆ ಎಳೆಯುತ್ತದೆ, ಟಿಲ್ಟ್ ಮೋಟರ್ ಅದನ್ನು ಹಿಡಿದುಕೊಂಡೇ ನಡುಗುತ್ತದೆ.

ಪವರ್ ಆಫ್ ಇರುವಾಗಲೇ ಮಾಡಿ. ಬ್ಯಾಟರಿ, ಕಾರ್ಡ್, ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡುವ ಕಪ್ಪು ಗಾಜು), ಮೈಕ್ ಎಲ್ಲ ಹಾಕಿಯೇ, ಲೆನ್ಸ್ ಕ್ಯಾಪ್ ತೆಗೆದು, ಸ್ಕ್ರೀನ್ ಬಿಡಿಸಿ ತೆಗೆಯುವುದಾದರೆ ಬಿಡಿಸಿಯೇ. ಈ ಕ್ಯಾಮೆರಾದ ಸ್ಕ್ರೀನ್ ಪಕ್ಕಕ್ಕೆ ತೆರೆಯುವುದರಿಂದ ರೋಲ್ ಬ್ಯಾಲೆನ್ಸ್ ಅಷ್ಟರಿಂದಲೇ ತಪ್ಪುತ್ತದೆ. ಪ್ಯಾನ್, ರೋಲ್ ಲಾಕ್ ಮಾಡಿ ಟಿಲ್ಟ್ ಮಾತ್ರ ಬಿಡಿಸಿ. ಮೂತಿ ಮುಂದಕ್ಕೆ ಇಟ್ಟು ಕೈ ಬಿಟ್ಟಾಗ ಬೀಳದ ಹಾಗೆ ಪ್ಲೇಟನ್ನು ಹಿಂದೆ ಮುಂದೆ ಸರಿಸಿ. ಆಮೇಲೆ ಮೂತಿ ಆಕಾಶಕ್ಕೆ ತಿರುಗಿಸಿ ಬಿಡಿ, ಅಲ್ಲೂ ನಿಲ್ಲಬೇಕು. ನಿಲ್ಲದಿದ್ದರೆ ಕ್ಯಾಮೆರಾದ ಎತ್ತರ ಸರಿಯಿಲ್ಲ. ಹೆಚ್ಚಿನವರು ಬಿಡುವುದು ಈ ಎರಡನೆಯ ಪರೀಕ್ಷೆಯನ್ನೇ. ನಂತರ ರೋಲ್, ಕೊನೆಗೆ ಪ್ಯಾನ್: ಹಿಡಿಯನ್ನು ಅಡ್ಡ ಮಲಗಿಸಿದ ಹಾಗೆ ಹಿಡಿದಾಗ ತೋಳು ತಾನಾಗಿ ತಿರುಗಬಾರದು.

ಕ್ಯಾಮೆರಾ ಪ್ಲೇಟಿನ ಸ್ಕ್ರೂ ನಾಣ್ಯ ಹಾಕಿ ಬಿಗಿ ಮಾಡಿ. ಕೈಯಲ್ಲಿ ತಿರುಚಿ ನೋಡಿದಾಗ ಕ್ಯಾಮೆರಾ ಕೂದಲಿನಷ್ಟು ಅಲುಗಿದರೂ ಗುಂಯ್ ಶಬ್ದ ಬರುತ್ತದೆ. ಇಷ್ಟಾದ ಮೇಲೆ ಪವರ್ ಹಾಕಿ ಆಟೊ ಟ್ಯೂನ್ ಓಡಿಸಿ, ತೂಕಕ್ಕೆ ತಕ್ಕ ಮೋಟರಿನ ಬಲವನ್ನು ಗಿಂಬಲ್ ತಾನೇ ಹೊಂದಿಸಿಕೊಳ್ಳುತ್ತದೆ. ಲೆನ್ಸ್ ಬದಲಿಸಿದಾಗಲೆಲ್ಲ ಓಡಿಸಬೇಕು. ಆಮೇಲೂ ನಡುಕ ಇದ್ದರೆ ಮೋಟರಿನ ಬಲ ಹೆಚ್ಚಾಗಿದೆ ಅಂತ ಲೆಕ್ಕ, ಒಂದೊಂದು ಹಂತ ಇಳಿಸಿ. ತಿರುಗಿಸುವಾಗ ಕ್ಯಾಮೆರಾ ಸೋತ ಹಾಗೆ ಹಿಂದೆ ಬಿದ್ದರೆ ಇಳಿಸಿದ್ದು ಹೆಚ್ಚಾಯಿತು.

ಕಿಟ್ ಲೆನ್ಸಿಗೆ ಒಂದು ಮಾತು: ಕ್ಯಾಮೆರಾ ಆನ್ ಮಾಡಿದ ಕೂಡಲೇ ಅದು ಹೊರಗೆ ಬರುತ್ತದೆ. ಅದನ್ನು ಮಾತ್ರ ಕ್ಯಾಮೆರಾ ಆನ್ ಇಟ್ಟು, ಗಿಂಬಲ್ ಆಫ್ ಇಟ್ಟು ಬ್ಯಾಲೆನ್ಸ್ ಮಾಡಿ.

ಫಾಲೊ ವೇಗ (ಕೈ ತಿರುಗಿದಾಗ ಕ್ಯಾಮೆರಾ ಹಿಂಬಾಲಿಸುವ ವೇಗ) ನಿಧಾನಕ್ಕೆ ಇಡಿ, ಡೆಡ್‌ಬ್ಯಾಂಡ್ (ಹಿಂಬಾಲಿಸದೆ ಬಿಡುವ ಅಲುಗಾಟದ ಮಿತಿ) ಸ್ವಲ್ಪ ಹೆಚ್ಚಿಸಿ. ಕೈ ಒಂದೆರಡು ಡಿಗ್ರಿ ಅಲುಗಿದ್ದಕ್ಕೆಲ್ಲ ಕ್ಯಾಮೆರಾ ಹಿಂಬಾಲಿಸಬಾರದು. ಮೋಡ್ ಪ್ಯಾನ್ ಫಾಲೊ (ಎಡಬಲ ಮಾತ್ರ ಹಿಂಬಾಲಿಸುವುದು) ಸಾಕು, ಟಿಲ್ಟ್ ಬೇಕಾದಾಗ ಜಾಯ್‌ಸ್ಟಿಕ್.


ನೆಟ್ಟಣಿಗೆ ದಾರಿ:

ಪಟ್ಟೆಗೆ ಕಾರಣ ಆ 30ಪಿ ಮತ್ತು 1/60. ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/60ರಲ್ಲಿ ಒಂದೂ ಮುಕ್ಕಾಲಿಗೆ ಹತ್ತಿರ ಮಿನುಗು ಹಿಡಿಯುತ್ತದೆ, ಹಾಗಾಗಿ ಕೆಲವು ಗೆರೆಗೆ ಬೆಳಕು ಹೆಚ್ಚು, ಕೆಲವಕ್ಕೆ ಕಡಿಮೆ. 1/50ರಲ್ಲಿ ಸರಿಯಾಗಿ ಎರಡು, 1/100ರಲ್ಲಿ ಒಂದು. ಮೆನುವಿನಲ್ಲಿ ಪಾಲ್‌ಗೆ (25ಪಿ, 50ಪಿ ಇರುವ ವಿಡಿಯೊ ಪದ್ಧತಿಗೆ) ಬದಲಿಸಿ. ಕಾರ್ಡ್ ಫಾರ್ಮ್ಯಾಟ್ ಕೇಳೀತು, ಮೊದಲು ಇದ್ದದ್ದನ್ನು ಕಾಪಿ ಮಾಡಿಕೊಳ್ಳಿ. ಆಮೇಲೆ 4ಕೆ 25ಪಿ, ಶಟರ್ 1/50. ಸ್ಲೋ ಮೋಷನ್ ಬೇಕಾದರೆ 50ಪಿ, ಶಟರ್ 1/100. ಇನ್ನೊಂದು ಲಾಭ: ಈ ಕ್ಯಾಮೆರಾ 30ಪಿಯಲ್ಲಿ 4ಕೆಯನ್ನು ಸ್ವಲ್ಪ ಕ್ರಾಪ್ ಮಾಡುತ್ತದೆ, 25ಪಿಯಲ್ಲಿ ಸೆನ್ಸರಿನ ಪೂರ್ತಿ ಅಗಲ ಸಿಗುತ್ತದೆ. ನಿಮ್ಮ 16 ಮಿ.ಮೀ. ಇನ್ನಷ್ಟು ಅಗಲ ಕಂಡೀತು.

ರಾತ್ರಿ ಜನರೇಟರ್ ಆದರೆ ಅದು 50ರಲ್ಲೇ ನಿಲ್ಲುವುದಿಲ್ಲ, ಲೋಡ್ ಏರಿಳಿದ ಹಾಗೆ ಜಾರುತ್ತದೆ, ತೆಳು ಪಟ್ಟೆ ನಿಧಾನಕ್ಕೆ ಏರುತ್ತಾ ಹೋಗುತ್ತದೆ. ಅಲ್ಲಿ 1/100 ಬಿಟ್ಟು 1/50ರಲ್ಲೇ ಇರಿ. ಬಣ್ಣ ಬದಲಿಸುವ ಪಾರ್ ಲೈಟುಗಳಿಗೆ ಈ ಲೆಕ್ಕ ನಡೆಯದು. ಲೈಟಿನವರ ಹತ್ತಿರ ಹೇಳಿ ಮುಖಕ್ಕೆ ಬೀಳುವ ಲೈಟಾದರೂ ಬಿಳಿಯ ಬೇರೆ ದೀಪದ್ದು ಇಡಿಸಿಕೊಳ್ಳಿ.

ಬೆಳಿಗ್ಗೆಗೆ ಎನ್‌ಡಿ ಬೇಕೇ ಬೇಕು. ಬಿಸಿಲಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಶಟರ್ 1/100 ಇದ್ದರೆ ಎಫ್/16 ಸರಿಹೋಗುತ್ತದೆ. ನಿಮಗೆ ಬೇಕಾದ್ದು 1/50 ಮತ್ತು ಎಫ್/4, ಅಂದರೆ 5 ಸ್ಟಾಪ್ ಹೆಚ್ಚು ಬೆಳಕು (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು). ಅಷ್ಟನ್ನು ತಡೆಯಲು ಎನ್‌ಡಿ32. ಮೋಡ ಇದ್ದರೆ ಎನ್‌ಡಿ8 ಸಾಕು, ತೋಟದ ನೆರಳಿನೊಳಗೆ ಹೆಚ್ಚಾಗಿ ಬೇಡವೇ ಬೇಡ. ವೇರಿಯಬಲ್ ಎನ್‌ಡಿ ಅನುಕೂಲ ಹೌದು, ಆದರೆ 10 ಮಿ.ಮೀ.ಯಲ್ಲಿ ಕೊನೆಯವರೆಗೆ ತಿರುಗಿಸಿದರೆ ಫ್ರೇಮಿನ ಮೇಲೆ ಕತ್ತರಿ ಆಕಾರದ ಕಪ್ಪು ನೆರಳು ಬೀಳುತ್ತದೆ. ಪ್ಯಾನ್ ಮಾಡುವಾಗ ಆಕಾಶ ಒಂದು ಕಡೆ ಗಾಢ, ಒಂದು ಕಡೆ ತೆಳು ಆಗುವುದೂ ಅದರಿಂದಲೇ. 10-20 ತೆಗೊಂಡರೆ 62 ಮಿ.ಮೀ.ಯ ಎರಡು ಬಿಡಿ ಫಿಲ್ಟರ್ ತೆಗೊಳ್ಳಿ. ಸಿಗ್ಮಾದ್ದು 67, ಹಾಗಾಗಿ 67ರದ್ದೇ ತೆಗೊಂಡು 10-20ಕ್ಕೆ ಸ್ಟೆಪ್-ಅಪ್ ರಿಂಗ್ ಹಾಕಿದರೂ ಆದೀತು.

ತೋಟದಲ್ಲಿ ಎಕ್ಸ್‌ಪೋಷರ್ ಆಟೊ ಬೇಡ. ಸೋಗೆಯ ಎಡೆಯಿಂದ ಬಿಸಿಲು ಬಿದ್ದ ಕಡೆ ಬಂದಾಗ ಇಡೀ ಫ್ರೇಮ್ ಕತ್ತಲಾಗಿ ಮತ್ತೆ ಬೆಳಗುತ್ತದೆ, ಎಷ್ಟು ನುಣುಪಾಗಿ ನಡೆದರೂ ಅಷ್ಟೇ ಹಾಳು. ಮುಖಕ್ಕೆ ಸರಿಮಾಡಿ ಲಾಕ್ ಮಾಡಿ, ಹಿಂದೆ ಎರಡು ಕಡೆ ಬಿಳಿ ಸುಟ್ಟರೆ ಸುಡಲಿ. ವೈಟ್ ಬ್ಯಾಲೆನ್ಸ್ 5600ರಲ್ಲಿ ನಿಲ್ಲಿಸಿ. ಕೆಂಪು ಹಳದಿ ಬಟ್ಟೆಯ ಚಪ್ಪರದ ಕೆಳಗೆ ಮಾತ್ರ ಬಿಳಿ ಹಾಳೆ ಹಿಡಿದು ಕಸ್ಟಮ್ ಮಾಡಿಕೊಳ್ಳಿ.

ಅಂದ ಹಾಗೆ ಈ ಕ್ಯಾಮೆರಾದ 4ಕೆಯಲ್ಲಿ ರೋಲಿಂಗ್ ಶಟರ್ (ಫ್ರೇಮನ್ನು ಒಟ್ಟಿಗೆ ಅಲ್ಲ, ಗೆರೆಗೆರೆಯಾಗಿ ಓದುವುದರ ತೊಂದರೆ) ಜೋರು. ಅಡಿಕೆ ಮರದ ಸಾಲನ್ನು ಬೇಗ ಪ್ಯಾನ್ ಮಾಡಿದರೆ ಎಲ್ಲ ಮರ ಗಾಳಿಗೆ ವಾಲಿದ ಹಾಗೆ ಕಾಣುತ್ತದೆ. ಒಂದು ಮರ ಫ್ರೇಮಿನ ಒಂದು ಅಂಚಿನಿಂದ ಇನ್ನೊಂದಕ್ಕೆ ದಾಟಲು 7 ಸೆಕೆಂಡಾದರೂ ಇರಲಿ.


ಪೆರ್ಲಪೇಟೆ:

ತುಂಬಾ ಉಪಕಾರ. ಬ್ಯಾಲೆನ್ಸ್ ಹೊಸತಾಗಿ ಮಾಡಿ ಆಟೊ ಟ್ಯೂನ್ ಓಡಿಸಿದೆ, ಗುಂಯ್ ನಿಂತಿತು. ಇನ್ನೂ ನಾಲ್ಕು ಸಂಶಯ. ಎಸ್-ಲಾಗ್ 3 (ಬಣ್ಣ ಮಂಕಾಗಿ ತೆಗೆದು ಎಡಿಟಿಂಗ್‌ನಲ್ಲಿ ಕೂರಿಸುವ ಸೆಟ್ಟಿಂಗ್) ಹಾಕಬೇಕಾ? ಹೋಮದ ಹೊಗೆಯಲ್ಲಿ ಫೋಕಸ್ ಹಿಂದೆ ಮುಂದೆ ಹೋಗುವುದಕ್ಕೆ ಎಂತ ಮಾಡುದು? ಜೊತೆಗೆ ಬರುವವರ ಹತ್ತಿರ ಸೋನಿ ಎ7-4 ಉಂಟು, 16-35 ಲೆನ್ಸ್. ಗಿಂಬಲಿನಲ್ಲಿ ಅವರ ಫ್ರೇಮಿನ ಮೂಲೆಗಳು ಜೆಲ್ಲಿಯ ಹಾಗೆ ಅಲುಗುತ್ತವೆ, ಅದು ಯಾಕೆ? ಮತ್ತೆ ಮನೆಯವರು ಬೇಕಲ ಕೋಟೆಯಲ್ಲೂ ಎರಡು ಶಾಟ್ ಬೇಕು ಅಂತಿದ್ದಾರೆ.


ಕಣಿಬದಿ:

ಎ7-4ರದ್ದು ಬಾಡಿಯೊಳಗಿನ ಸ್ಟೆಬಿಲೈಸೇಶನ್. ಸೆನ್ಸರನ್ನೇ ಸರಿಸಿ ಅಲುಗಾಟ ತಡೆಯುತ್ತದೆ. ಅಗಲದ ಲೆನ್ಸಿನಲ್ಲಿ ನಡುವಿನ ಚಿತ್ರ ಒಂದಷ್ಟು ಸರಿದರೆ ಮೂಲೆಯ ಚಿತ್ರ ಅದಕ್ಕಿಂತ ಹೆಚ್ಚು ಸರಿಯುತ್ತದೆ, ಸೆನ್ಸರ್ ಮಾತ್ರ ಎಲ್ಲ ಕಡೆ ಒಂದೇ ಅಳತೆಗೆ ಸರಿಯುವುದು. ಉಳಿದ ವ್ಯತ್ಯಾಸವೇ ಮೂಲೆಯ ಜೆಲ್ಲಿ. ಗಿಂಬಲಿನಲ್ಲಿ 24 ಮಿ.ಮೀ.ಗಿಂತ ಕೆಳಗೆ ಆಫ್ ಮಾಡಲು ಹೇಳಿ. 50, 70ಕ್ಕೆ ಹೋದಾಗ ಹಾಕಬಹುದು, ಉಳಿದ ಸಣ್ಣ ನಡುಕವನ್ನು ಅದು ತೆಗೆಯುತ್ತದೆ. ಆದರೆ ಪ್ಯಾನ್ ಶುರುವಿನಲ್ಲೂ ಕೊನೆಯಲ್ಲೂ ಒಂದು ಎಳೆತ ಬಂದರೆ ಅಲ್ಲೂ ಆಫ್. ಗಿಂಬಲ್ ತಿರುಗುವುದನ್ನು ಅದು ಅಲುಗಾಟ ಅಂತ ತಿಳಿದು ತಡೆಯಲು ನೋಡುತ್ತದೆ.

ಎಸ್-ಲಾಗ್ ಬೇಡ. ಝಡ್‌ವಿ-ಇ10 8 ಬಿಟ್ (ಬಣ್ಣದ ಹಂತ ಕಡಿಮೆ), ಎಳೆದು ಬಣ್ಣ ಕೂರಿಸುವಾಗ ಆಕಾಶದಲ್ಲಿಯೂ ಸುಣ್ಣ ಬಳಿದ ಗೋಡೆಯಲ್ಲಿಯೂ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಐಎಸ್‌ಒ 500ರಿಂದ ಕೆಳಗೆ ಇಳಿಯುವುದೂ ಇಲ್ಲ, ಬಿಸಿಲಿಗೆ 5 ಸ್ಟಾಪ್ ಬದಲು 7ಕ್ಕಿಂತ ಹೆಚ್ಚು ಎನ್‌ಡಿ ಬೇಕಾಗುತ್ತದೆ. ಕ್ಯಾಮೆರಾದ ಪಿಕ್ಚರ್ ಪ್ರೊಫೈಲ್‌ಗಳಲ್ಲಿ ಪಿಪಿ5 (ಸಿನೆ1) ಸಾಕು.

ಹೋಮದ ಹೊಗೆಗೆ ಆಟೊ ಫೋಕಸ್ ನಂಬುವುದೇ ಬೇಡ. 16 ಮಿ.ಮೀ.ಯಲ್ಲಿ ಎಫ್/4 ಇಟ್ಟು ಮ್ಯಾನ್ಯುವಲ್‌ನಲ್ಲಿ 3.2 ಮೀಟರಿಗೆ ಫೋಕಸ್ ನಿಲ್ಲಿಸಿದರೆ ಸುಮಾರು 1.6 ಮೀಟರಿನಿಂದ ಆಚೆಗೆಲ್ಲ ಚೊಕ್ಕ. ಎಫ್/5.6 ಆದರೆ 2.3 ಮೀಟರಿಗೆ ಇಡಿ, ಹತ್ತಿರದ ಮಿತಿ 1.2 ಆಗುತ್ತದೆ. ಅಷ್ಟು ದೂರದಲ್ಲಿ ಒಬ್ಬರನ್ನು ನಿಲ್ಲಿಸಿ ಆಟೊದಲ್ಲಿ ಫೋಕಸ್ ಹಿಡಿಸಿ ಮ್ಯಾನ್ಯುವಲ್‌ಗೆ ಹಾಕಿ, ರಿಂಗ್ ಮುಟ್ಟಬೇಡಿ.

ಆಟೊ ಬಳಸುವ ಕಡೆ: ಫೇಸ್ ಪ್ರಯಾರಿಟಿ ಆನ್, ಟ್ರಾನ್ಸಿಶನ್ ಸ್ಪೀಡ್ 3 ಅಥವಾ 4, ಸಬ್ಜೆಕ್ಟ್ ಶಿಫ್ಟ್ ಸೆನ್ಸಿಟಿವಿಟಿ 2. ಪ್ರಾಡಕ್ಟ್ ಶೋಕೇಸ್ ಆಫ್ ಇದೆಯಾ ನೋಡಿ, ಅದು ಆನ್ ಇದ್ದರೆ ಆರತಿ ತಟ್ಟೆ ಎದುರಿಗೆ ಬಂದ ಕೂಡಲೇ ಮುಖ ಬಿಟ್ಟು ತಟ್ಟೆಗೆ ಹಾರುತ್ತದೆ.

ಬ್ರಹ್ಮೋಪದೇಶದ ಹೊತ್ತಿಗೆ ಗಿಂಬಲ್ ಬದಿಗಿಡಿ. ಬಟ್ಟೆ ಹೊದ್ದು ಕೂತವರ ಸುತ್ತ ಕ್ಯಾಮೆರಾ ಸುತ್ತಿಸಿದರೆ ಭಟ್ರು ಸುಮ್ಮನಿದ್ದಾರೆಯೇ?


ಮುರಕಲ್ಲು:

ರಾತ್ರಿಯ ಆಟಕ್ಕೆ ಸಿಗ್ಮಾವೇ ಆಗಬೇಕು. ಅದನ್ನು ಮಾರಿ 11 ಎಫ್/1.8 ತೆಗೊಳ್ಳುವ ಯೋಚನೆ ಇದ್ದರೆ ಬಿಡಿ. ಎಫ್/4ರಿಂದ ಎಫ್/1.4ಕ್ಕೆ 3 ಸ್ಟಾಪ್, ಐಎಸ್‌ಒ 6400 ಬೇಕಾದಲ್ಲಿ 800 ಸಾಕು. ಆದರೆ ನಡೆಯುತ್ತಾ ತೆಗೆಯುವಾಗ ಪೂರ್ತಿ ತೆರೆಯಬೇಡಿ. 1.5 ಮೀಟರ್ ದೂರದ ಮುಖಕ್ಕೆ ಎಫ್/1.4ರಲ್ಲಿ ಚೊಕ್ಕ ಇರುವುದು ಸುಮಾರು ಅರ್ಧ ಮೀಟರ್ ಆಳ, ಎಫ್/2.8ರಲ್ಲಿ ಒಂದು ಮೀಟರಿಗೆ ಹೆಚ್ಚು. ಚೌಕಿಯಲ್ಲಿ ಬಣ್ಣ ಹಚ್ಚುವವರ ನಡುವೆ ಹೋಗುವಾಗ ಎಫ್/2, ಎಫ್/2.8 ಒಳ್ಳೆಯದು. ಕೇಳಿಯೇ ಒಳಗೆ ಹೋಗಿ.

ಬಣ್ಣದ ವೇಷದ ಮುಖವನ್ನು ಫೇಸ್ ಡಿಟೆಕ್ಷನ್ ಹಿಡಿಯದೇ ಇರುವುದುಂಟು. ಚುಟ್ಟಿ (ಬಿಳಿ ಹಿಟ್ಟಿನ ಚುಕ್ಕೆಗಳ ಸಾಲು) ಇಟ್ಟ ಮುಖ ಅದಕ್ಕೆ ಮುಖವೇ ಅಲ್ಲ, ಹಿಂದೆ ಕೂತ ಮದ್ದಳೆಯವರಿಗೆ ಫೋಕಸ್ ಹೋಗಿ ಕೂರುತ್ತದೆ. ಅಲ್ಲಿ ಝೋನ್ ಫೋಕಸ್ ನಡುವಿಗೆ ಹಾಕಿ. ರಂಗಸ್ಥಳದ ಎದುರು ಗಿಂಬಲ್ ಹಿಡಿದು ಓಡಾಡುವ ಕೆಲಸವೇ ಇಲ್ಲ, ಅಲ್ಲಿ ಟ್ರೈಪಾಡ್. ಕೂತವರಿಗೂ ಆಟ ಕಾಣಬೇಕಲ್ಲ.

18-105 ಬಗ್ಗೆ ಯಾರೂ ಹೇಳಲಿಲ್ಲ. ಅದೂ ಉದ್ದ ಬದಲಾಗದ ಝೂಮ್, 427 ಗ್ರಾಂ, ಗಿಂಬಲ್ ಹೊರುತ್ತದೆ. 18 ಅಷ್ಟೇನೂ ಅಗಲ ಅಲ್ಲ, ಚಾವಡಿಯಲ್ಲಿ ಗೋಡೆಗೆ ಬೆನ್ನು ತಾಗಿದ ಮೇಲೆ ಹಿಂದೆ ಹೋಗಲು ಜಾಗ ಇರುವುದಿಲ್ಲ. ರಂಗಸ್ಥಳಕ್ಕೆ ಟ್ರೈಪಾಡ್ ಮೇಲಿಂದ ಮಾತ್ರ ತುಂಬಾ ಉಪಯೋಗದ್ದು. ಒಂದೇ ತೆಗೊಳ್ಳುವುದಾದರೆ ನನ್ನ ಮಾತು 10-20ಕ್ಕೇ.


ಚಂದ್ರಗಿರಿ ತೀರ:

ಮುರಕಲ್ಲು ಅವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಸಿಗ್ಮಾ 16 ಇರುವವರಿಗೆ 10-20ರಿಂದ ಹೊಸತಾಗಿ ಸಿಗುವುದು 10ರಿಂದ 15ರವರೆಗಿನ ಅಗಲ ಮತ್ತು ಹಗುರ ಕೈ. ಮೊದಲು ಎನ್‌ಡಿ ಮತ್ತು ಒಂದು ಲೇಪಲ್ ಮೈಕ್ ತೆಗೊಳ್ಳಿ, ಮಂತ್ರದ ಧ್ವನಿಯಲ್ಲಿ ಗಿಂಬಲ್ ಮೋಟರಿನ ಸದ್ದು ಸೇರಿದರೆ ಎಷ್ಟು ಒಳ್ಳೆಯ ಲೆನ್ಸ್ ಇದ್ದರೂ ಪ್ರಯೋಜನ ಇಲ್ಲ. ಅದಾದ ಮೇಲೆ ದುಡ್ಡು ಉಳಿದರೆ ಲೆನ್ಸ್.

ಬೇಕಲ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ. ಟ್ರೈಪಾಡಿಗೂ ಕೂಲಿಗೆ ಮಾಡುವ ಶೂಟಿಂಗಿಗೂ ಮೊದಲೇ ಅನುಮತಿ ಬೇಕು, ಡ್ರೋನ್ ಮಾತೇ ಎತ್ತಬೇಡಿ. ಗಿಂಬಲ್ ಹಿಡಿದು ಗೇಟಿಗೆ ಹೋಗಿ ನಿಂತು ವಾದ ಮಾಡುವ ಬದಲು ವಾರದ ಮೊದಲೇ ವಿಚಾರಿಸಿ. ಅನುಮತಿ ಸಿಕ್ಕಿದರೆ ಬುರುಜಿನ ಮೇಲೆ ಲೆನ್ಸ್ ಹುಡ್ ತೆಗೆದಿಡಿ. ಕಡಲ ಗಾಳಿ ಹುಡ್ಡಿಗೆ ಬಡಿದರೆ ಪ್ಯಾನ್ ಮೋಟರ್ ಅದನ್ನು ತಡೆಯುತ್ತಾ ಕೂರುತ್ತದೆ, ಕ್ಷಿತಿಜ ಸಣ್ಣಗೆ ಎಡಬಲ ತೂಗುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಮೈಯೇ ಮರೆಯಾಗುತ್ತದೆ. ಉಪ್ಪಿನ ಪೊರೆ ಫಿಲ್ಟರಿನ ಮೇಲೆ ಬೇಗ ಕೂರುತ್ತದೆ, ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಬ್ಲೋವರ್, ಆಮೇಲೆ ಲೆನ್ಸ್ ಕ್ಲೀನರ್ ಹಾಕಿದ ಬಟ್ಟೆ. ಮನೆಗೆ ಬಂದು ಗಿಂಬಲಿನ ತೋಳು, ಪ್ಲೇಟ್ ಜಾರುವ ಜಾಗ ಎಲ್ಲ ಸ್ವಲ್ಪ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಆಮೇಲೆ ಬ್ಯಾಗಿಗೆ ಹಾಕಿ.